ವೃಕ್ಷದ ಉಪಕಾರ, ಮನುಷ್ಯನ ಋಣ

ಶ್ರಾವಕರ ಮನೆಗಳಲ್ಲಿ ನೀರನ್ನು ಬಟ್ಟೆಯಿಂದ ಸೋಸಿ ಬಳಸುವ ಪದ್ಧತಿಯು ತಲೆಮಾರುಗಳಿಂದ ನಡೆದುಬಂದಿದೆ. ಅದರೊಡನೆ ಇನ್ನೊಂದು ಕ್ರಮವೂ ಉಂಟು. ಸೋಸಿ ಮುಗಿದ ಮೇಲೆ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲನೆ ಸುರಿದು, ಬಟ್ಟೆಯಲ್ಲಿ ನಿಂತ ಸೂಕ್ಷ್ಮಜೀವಿಗಳನ್ನು ಅವು ಬಂದ ಬಾವಿಗೇ ಮರಳಿಸುವುದು ಆ ಕ್ರಮ. ಮೊದಲನೆಯ ಕ್ರಿಯೆಯನ್ನು ಮಾತ್ರ ನೋಡಿದವರು ಇದನ್ನು ಆರೋಗ್ಯದ ನಿಯಮವೆಂದು ಭಾವಿಸಬಹುದು. ಎರಡನೆಯದನ್ನೂ ನೋಡಿದವರಿಗೆ ಇದು ಋಣದ ನಿಯಮವೆಂಬುದು ತಿಳಿಯುತ್ತದೆ. ತನ್ನ ಬಾಯಾರಿಕೆಗಾಗಿ ಯಾವ ಜೀವವನ್ನು ಅದರ ನೆಲೆಯಿಂದ ಕದಲಿಸಲಾಯಿತೋ ಅದನ್ನು ಮರಳಿ ಅದೇ ನೆಲೆಗೆ ಸೇರಿಸುವ ಹೊಣೆ ನೀರು ಸೇದಿದವನದು.

ಆದರೆ ಬಟ್ಟೆಗೆ ಸಿಕ್ಕದ ದೋಷವೊಂದು ಈ ಕಾಲದ ನೀರಿಗೆ ಬಂದು ಸೇರಿದೆ. ನೆಲದಡಿಯ ಟ್ಯಾಂಕುಗಳಿಂದ, ಕೊಳವೆಗಳಿಂದ ಜಿನುಗುವ ಪೆಟ್ರೋಲು ಮತ್ತು ಡೀಸೆಲು ಮಣ್ಣಿನೊಳಗೆ ಇಳಿದು ಅಂತರ್ಜಲವನ್ನು ಮುಟ್ಟುತ್ತವೆ. ನೀರಿಗಿಂತ ಹಗುರವಾದ್ದರಿಂದ ಅವು ಜಲಮಟ್ಟದ ಮೇಲೆ ತೇಲುತ್ತವೆ. ಆದರೆ ಅವುಗಳಲ್ಲಿರುವ ಬೆಂಜೀನ್‌ನಂತಹ ಕೆಲವು ಅಂಶಗಳು ನೀರಿನಲ್ಲಿ ಕರಗಿ, ನೀರು ಹರಿದತ್ತ ಹರಿಯುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಅದಕ್ಕೆ ವಿಧಿಸಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಐದು ಪಾಲು. ಭಾರತದಲ್ಲಿ ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಒಂದರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಹಾಗಿದ್ದರೆ ಒಂದು ಲೀಟರ್ ಪೆಟ್ರೋಲಿನಲ್ಲಿ 8 ಗ್ರಾಮಿಗಿಂತ ತುಸು ಹೆಚ್ಚು ಬೆಂಜೀನ್ ಇರಬಹುದು. ವ್ಯಾಪಾರಿಯ ಸರಳ ಗಣಿತದಿಂದ ನೋಡಿದರೂ, ಅಷ್ಟು ಬೆಂಜೀನ್ ಪೂರ್ತಿಯಾಗಿ ನೀರಿಗೆ ಸೇರಿದರೆ 16 ಲಕ್ಷ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು. ಚೆಲ್ಲಿದ್ದು ಒಂದೇ ಲೀಟರ್ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ.

ಇದು ಎಲ್ಲೋ ಒಂದೆಡೆ ಆಗುವ ಅಪಘಾತವಲ್ಲ. ಅಮೆರಿಕವು ಭೂಗತ ಟ್ಯಾಂಕುಗಳ ಸೋರಿಕೆಯನ್ನು ಹತೋಟಿಗೆ ತರಲು ಶಾಸನಮಾಡಿದ್ದು 1984ರಲ್ಲಿ. ರಕ್ಷಣೆಯ ಲೇಪವಿಲ್ಲದೆ ಹೂತಿದ್ದ ಉಕ್ಕಿನ ಟ್ಯಾಂಕುಗಳು ತುಕ್ಕುಹಿಡಿದು ತೂತುಬಿದ್ದದ್ದು ಆಗ ಬೆಳಕಿಗೆ ಬಂದಿತು. ಅಂದಿನಿಂದ ಆ ದೇಶವೊಂದರಲ್ಲಿಯೇ ದೃಢಪಟ್ಟ ಸೋರಿಕೆಗಳ ಸಂಖ್ಯೆ ಐದು ಲಕ್ಷವನ್ನು ಮೀರಿದೆ. ಕೆಟ್ಟ ಮಣ್ಣನ್ನು ಅಗೆದು ಸಾಗಿಸುವುದು, ನೀರನ್ನು ಪಂಪಿನಿಂದ ಮೇಲೆತ್ತಿ ಶುದ್ಧೀಕರಿಸುವುದು, ನೆಲದೊಳಕ್ಕೆ ಗಾಳಿಯನ್ನು ಊದುವುದು ಮೊದಲಾದ ಉಪಾಯಗಳೆಲ್ಲ ಬಹಳ ಖರ್ಚಿನವು. ಆದ್ದರಿಂದಲೇ ಕೆಲವು ವಿಜ್ಞಾನಿಗಳ ದೃಷ್ಟಿ ವೃಕ್ಷಗಳತ್ತ ತಿರುಗಿತು. ಆ ಪ್ರಯೋಗಗಳಲ್ಲಿ ಒಂದು ಇಲ್ಲಿ ವಿಚಾರಾರ್ಹವಾಗಿದೆ. ಅದರ ಫಲಕ್ಕಾಗಿ ಎಷ್ಟೋ, ಅದು ಎತ್ತುವ ಧರ್ಮಪ್ರಶ್ನೆಗಾಗಿಯೂ ಅಷ್ಟೇ.

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಪಾಸ್ಕೊಟ್ಯಾಂಕ್ ನದಿಯ ದಡದಲ್ಲಿ, ಎಲಿಜಬೆತ್ ಸಿಟಿ ಎಂಬ ಪಟ್ಟಣವಿದೆ. ಅಲ್ಲಿ ಆ ದೇಶದ ಕರಾವಳಿ ರಕ್ಷಣಾ ಪಡೆಯ ನೆಲೆಯುಂಟು. ವಿಮಾನಗಳಿಗೂ ವಾಹನಗಳಿಗೂ ಬೇಕಾದ ಇಂಧನವನ್ನು ದಶಕಗಳ ಕಾಲ ಶೇಖರಿಸಿಡುತ್ತಿದ್ದ ಅಂಗಳವೊಂದು ಅಲ್ಲಿತ್ತು. ಶೇಖರಣೆ ನಿಂತುಹೋದ ಮೇಲೂ ನೆಲದಡಿಯಲ್ಲಿ ಪೆಟ್ರೋಲು, ಡೀಸೆಲು ಮತ್ತು ವಿಮಾನ ಇಂಧನ ಸೇರಿ ಸುಮಾರು 5,79,000 ಲೀಟರ್ ಉಳಿದುಕೊಂಡಿತ್ತು. ನಮ್ಮ ರಸ್ತೆಗಳಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಹೇಳುವುದಾದರೆ 48 ಲಾರಿಗಳ ಸರಕು ಮಣ್ಣಿನ ಪಾಲಾಗಿತ್ತು.

2006ರಿಂದ 2008ರವರೆಗೆ ಆ ನೆಲದ ಮೇಲೆ ಸುಮಾರು 3,250 ಗಿಡಗಳನ್ನು ನೆಡಲಾಯಿತು. ಹೆಚ್ಚಿನ ನಿರೀಕ್ಷೆ ಇದ್ದದ್ದು ಮಿಶ್ರತಳಿಯ ಪಾಪ್ಲರ್ ಮರಗಳ ಮೇಲೆ. ಅವುಗಳೊಡನೆ ವಿಲೋ ಮತ್ತು ಪೈನ್ ಮರಗಳೂ ಇದ್ದವು. ಪಾಪ್ಲರ್ ನಮ್ಮ ದೇಶಕ್ಕೆ ಅಪರಿಚಿತವಲ್ಲ. ಪಂಜಾಬ್, ಹರಿಯಾಣಗಳ ರೈತರು ಪ್ಲೈವುಡ್ಡಿಗೂ ಬೆಂಕಿಕಡ್ಡಿಗೂ ಬೆಳೆಯುವ ಮರ ಅದೇ ಕುಲದ್ದು. ಹಿಮಾಲಯದ ತಪ್ಪಲಿನ ಜನ ತಮ್ಮಲ್ಲಿಯ ಪಾಪ್ಲರನ್ನು ಅದರ ಎಲೆಯ ಆಕಾರ ಕಂಡು ಪಹಾಡಿ ಪೀಪಲ್, ಎಂದರೆ ಬೆಟ್ಟದ ಅರಳಿ, ಎಂದು ಕರೆಯುತ್ತಾರೆ. ವಿಲೋ ಎಂಬುದು ಕ್ರಿಕೆಟ್ ಬ್ಯಾಟಿಗೆ ಕಟ್ಟಿಗೆ ಕೊಡುವ ಮರದ ಕುಲ. ಇವೆರಡೂ ನೀರಿನ ಮಟ್ಟವನ್ನು ಹುಡುಕಿಕೊಂಡು ಬೇರಿಳಿಸುವಂಥವು, ಬೇಗ ಬೆಳೆಯುವಂಥವು.

ಮರವು ಈ ಕೆಲಸವನ್ನು ಮಾಡುವ ಬಗೆ ಹೀಗಿದೆ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ ಬೇರುಗಳು ಅಂತರ್ಜಲವನ್ನು ಮೇಲಕ್ಕೆ ಸೆಳೆಯುತ್ತವೆ. ಸಾವಿರಾರು ಮರಗಳು ಒಟ್ಟಾಗಿ ಸೆಳೆದಾಗ ಆ ಜಾಗದ ಜಲಮಟ್ಟವೇ ಕೆಳಗಿಳಿದು, ಕೆಟ್ಟ ನೀರು ನದಿಯತ್ತಲೋ ಬಾವಿಯತ್ತಲೋ ಹರಿದುಹೋಗುವ ಬದಲು ಮರಗಳತ್ತ ಒಲಿಯುತ್ತದೆ. ನೀರು ಇಳಿದ ಜಾಗದ ಮಣ್ಣಿಗೆ ಗಾಳಿ ಸಿಗುತ್ತದೆ. ಬೇರುಗಳು ಒಸರುವ ಸಾರವನ್ನುಂಡು ಬೇರಿನ ಸುತ್ತ ಸೂಕ್ಷ್ಮಜೀವಿಗಳು ವೃದ್ಧಿಯಾಗುತ್ತವೆ. ಇಂಧನದ ಬಹುಭಾಗವನ್ನು ಒಡೆದು ನಿರಪಾಯಗೊಳಿಸುವವು ಈ ಸೂಕ್ಷ್ಮಜೀವಿಗಳೇ. ನೀರಿನಲ್ಲಿ ಸುಲಭವಾಗಿ ಕರಗುವ ಕೆಲವು ಅಂಶಗಳು ಮಾತ್ರ ಬೇರಿನ ಮೂಲಕ ಕಾಂಡಕ್ಕೇರಿ, ತೊಗಟೆಯಿಂದಲೂ ಎಲೆಯಿಂದಲೂ ಗಾಳಿಗೆ ಸೇರಿ, ಅಲ್ಲಿ ಬಿಸಿಲಿನ ಪ್ರಭಾವದಿಂದ ಕ್ರಮೇಣ ನಾಶವಾಗುತ್ತವೆ. ಹಿಂದೆ ಅಮೆರಿಕದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕವು ಇಂತಹದು.

ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಎಲಿಜಬೆತ್ ನಿಕೋಲ್ಸ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಈ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಮಣ್ಣಿನ ರಂಧ್ರಗಳಲ್ಲಿರುವ ಅನಿಲವನ್ನು ಪರೀಕ್ಷಿಸಿದಾಗ ಇಂಧನದ ಒಟ್ಟು ಅಂಶ ನೂರಕ್ಕೆ 95ರಷ್ಟೂ, ಬೆಂಜೀನ್ ಮತ್ತು ಅದರ ಬಳಗದ ವಸ್ತುಗಳು ನೂರಕ್ಕೆ 99ರಷ್ಟೂ ಇಳಿದಿದ್ದವು. 2011ರಿಂದೀಚೆಗೆ ಮರಗಳಿರುವ ಭಾಗದ ಜಲಮಟ್ಟ ಹೊರಗಿನ ಮಟ್ಟಕ್ಕಿಂತ ಕೆಳಗಿತ್ತು. ಅಂತರ್ಜಲದಲ್ಲಿಯೂ ಬೆಂಜೀನ್ ಬಳಗದ ಪ್ರಮಾಣ ಕಡಿಮೆಯಾಗಿತ್ತು. ನೀರಿನ ಮೇಲೆ ತೇಲುತ್ತಿದ್ದ ಇಂಧನದ ಪದರ ತೆಳುವಾಗಿ, ಪಾಪ್ಲರ್ ಮರಗಳು ಎಲ್ಲಿ ಅತಿ ಹುಲುಸಾಗಿದ್ದವೋ ಅಲ್ಲಿಗೆ ಸರಿದು ನಿಂತಿತ್ತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಇಂಧನ ಅತಿ ದಟ್ಟವಾಗಿದ್ದ ತಾಣಗಳಲ್ಲಿ ಮರಗಳು ಗುಂಪುಗುಂಪಾಗಿ ಸಾಯುತ್ತಲೇ ಇದ್ದವು. ಆ ಜಾಗದ ಇಂಧನದ ಸೋಂಕಿಗೆ ಒಳಪಡಿಸಿ ನೋಡಿದಾಗ ಪಾಪ್ಲರ್ ಮತ್ತು ವಿಲೋಗಳೆರಡೂ ನೀರು ಹೀರುವ ಶಕ್ತಿಯಲ್ಲಿ ಕುಂದಿದವು. ಎಲ್ಲ ಸಾವಿಗೂ ಇಂಧನವೇ ಕಾರಣವಾಗಿರಲಿಲ್ಲ. ಶುದ್ಧವಾದ ನೆಲದಲ್ಲಿಯೂ ಪಾಪ್ಲರಿನಷ್ಟು ಮಂದಿ ವಿಲೋ, ಪೈನ್‌ಗಳು ಉಳಿಯಲಿಲ್ಲ. ಆದರೂ ವಿಷ ಹೆಚ್ಚಿದ್ದಲ್ಲಿ ಸಾವು ನೆಲೆನಿಂತಿತೆಂಬುದು ಅಲ್ಲಗಳೆಯಲಾಗದ ವಿಷಯ. ಯಾರು ಚೆಲ್ಲಲಿಲ್ಲವೋ ಅವರು ಹೀರಿದರು. ಚೆಲ್ಲಿದ್ದು ಎಲ್ಲಿ ಅತಿಯಾಗಿತ್ತೋ ಅಲ್ಲಿ ಹೀರಲಾರದೆ ಸತ್ತರು.

ಧರ್ಮಪ್ರಶ್ನೆ ಹುಟ್ಟುವುದು ಇಲ್ಲಿ. ವೃಕ್ಷವು ಏಕೇಂದ್ರಿಯ ಜೀವ. ಅದಕ್ಕೆ ಸ್ಪರ್ಶೇಂದ್ರಿಯವೊಂದೇ ಇದೆ. ಅದು ಸ್ಥಾವರ, ಕಷ್ಟ ಬಂದಾಗ ಎದ್ದು ಹೋಗಲಾರದು, ಬೇಡವೆಂದು ಹೇಳಲಾರದು. ಹಾಗಾದರೆ ಮನುಷ್ಯ ತಾನು ಕೆಡಿಸಿದ ನೀರನ್ನು ಶುದ್ಧಮಾಡುವ ಭಾರವನ್ನು ಅದರ ಬೇರಿಗೆ ಕಟ್ಟುವುದು ನ್ಯಾಯವೇ? ಹಿಂಸೆಯೊಂದನ್ನು ತೊಡೆಯಲು ಇನ್ನೊಂದು ಹಿಂಸೆಯನ್ನು ಆಶ್ರಯಿಸಿದಂತಾಗಲಿಲ್ಲವೇ?

ಒಂದು ಪಕ್ಷದವರು ಹೇಳುವ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ನೆಡದೆ ಹೋಗಿದ್ದರೆ ಆ ಮರಗಳು ಅಲ್ಲಿ ಇರುತ್ತಲೇ ಇರಲಿಲ್ಲ. ಬಹುಪಾಲು ಮರಗಳು ಬೆಳೆದವು, ಹಕ್ಕಿಗಳಿಗೆ ಆಸರೆಯಾದವು. ಬೇರು ಸೂಕ್ಷ್ಮಜೀವಿಗೆ ಆಹಾರ ಕೊಟ್ಟಿತು, ಸೂಕ್ಷ್ಮಜೀವಿ ಬೇರಿನ ಸುತ್ತಲ ವಿಷವನ್ನು ಕಳೆಯಿತು. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೇ ಅವುಗಳ ಲಕ್ಷಣವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಬೋಧಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಯಾವುದು? ಇದಲ್ಲದೆ ಬೇರೆ ಉಪಾಯಗಳೂ ನಿರ್ದೋಷವಲ್ಲ. ಅಗೆದರೆ ಮಣ್ಣಿನ ಜೀವರಾಶಿ ಅಳಿಯುತ್ತದೆ. ಪಂಪುಗಳು ವರ್ಷಗಟ್ಟಲೆ ವಿದ್ಯುತ್ತನ್ನು ಬೇಡುತ್ತವೆ. ಏನೂ ಮಾಡದೆ ಕುಳಿತರಂತೂ ಕೆಟ್ಟ ನೀರು ನದಿಗೆ ಸೇರಿ ಮೀನಿನಿಂದ ಮನುಷ್ಯನವರೆಗೆ ಎಲ್ಲರಿಗೂ ಅಪಾಯ. ಏಕೇಂದ್ರಿಯ ಜೀವಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾರದ ಗೃಹಸ್ಥನಿಗೆ ಅದನ್ನು ಯತ್ನಪೂರ್ವಕವಾಗಿ ಅಲ್ಪಗೊಳಿಸುವುದೇ ವಿಹಿತವಾದ ಮಾರ್ಗ. ಆ ದೃಷ್ಟಿಯಿಂದ ವೃಕ್ಷಗಳ ನೆರವು ಸಾಧ್ಯವಿರುವ ಉಪಾಯಗಳಲ್ಲಿ ಸೌಮ್ಯವಾದುದು.

ಇಷ್ಟನ್ನೂ ಒಪ್ಪಬಹುದು. ಆದರೆ ಒಪ್ಪಿದ ಮೇಲೂ ಒಂದು ಬಾಕಿ ಉಳಿಯುತ್ತದೆ. ವೃಕ್ಷವು ನೀರಿನ ವಿಷವನ್ನು ಕಳೆಯಬಲ್ಲದು. ವಿಷ ಸೇರಿಸಿದವನ ಋಣವನ್ನು ಕಳೆಯಲಾರದು. ಒಬ್ಬನ ಕರ್ಮವನ್ನು ಇನ್ನೊಬ್ಬನ ಖಾತೆಗೆ ವರ್ಗಾಯಿಸುವ ಪದ್ಧತಿ ಜೈನ ಸಿದ್ಧಾಂತದಲ್ಲಿ ಇಲ್ಲ. ಎಲಿಜಬೆತ್ ಸಿಟಿಯ ಪಾಪ್ಲರ್ ಮರ ಅನುಭವಿಸಿದ್ದು ಆ ಮರದ್ದೇ. ಸಾವಿರ ಗಿಡ ನೆಟ್ಟೆವೆಂಬುದನ್ನು ಮುಂದಿಟ್ಟುಕೊಂಡು, ಚೆಲ್ಲಿದ್ದಕ್ಕೂ ನೆಟ್ಟಿದ್ದಕ್ಕೂ ಸರಿಹೋಯಿತೆಂದು ಲೆಕ್ಕ ಮುಗಿಸುವವನು ಇಬ್ಬರು ಬೇರೆ ಬೇರೆ ಆಸಾಮಿಗಳ ಖಾತೆಯನ್ನು ಒಂದುಗೂಡಿಸಿ ತಾಳೆ ಹಾಕಿದಂತಾಗುತ್ತದೆ. ಅಂಥ ತಾಳೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಋಣವು ಎಲ್ಲಿ ಹುಟ್ಟಿತೆಂಬುದನ್ನು ತಿಳಿದರೆ ಅದನ್ನು ತೀರಿಸುವ ದಾರಿ ಕಾಣುತ್ತದೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನು ಅದರ ಮೂಲವಾಗಿ ಹಿಡಿದರು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತ ಪ್ರಮಾದಚರ್ಯೆಯನ್ನು ಅವುಗಳಲ್ಲಿ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರಗಳಿಗೆ ಬಾಧೆ ತರುವ ಅಜಾಗರೂಕ ನಡತೆ ಅದು. ಟ್ಯಾಂಕಿನಿಂದ ಸೋರಿದ ಇಂಧನಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಅದು ಯಾರ ವಾಹನವನ್ನೂ ಓಡಿಸಲಿಲ್ಲ, ಯಾರ ಒಲೆಯನ್ನೂ ಉರಿಸಲಿಲ್ಲ. ಮಾರಿದವನಿಗೆ ಲಾಭವಿಲ್ಲ, ಕೊಂಡವನಿಗೆ ಉಪಯೋಗವಿಲ್ಲ.

ಪೆಟ್ರೋಲ್ ಬಂಕ್ ನಡೆಸುವ ಗೃಹಸ್ಥನು ತನ್ನದು ಉದ್ಯೋಗೀ ಹಿಂಸೆಯೆಂದು, ಜೀವನೋಪಾಯದಲ್ಲಿ ತಪ್ಪಿಸಲಾಗದ ದೋಷವೆಂದು ಹೇಳಬಹುದು. ಆ ಮಾತು ಎಲ್ಲಿಯವರೆಗೆ ನಿಲ್ಲುತ್ತದೆಂಬುದನ್ನು ಆತನ ಅಂಗಡಿಯ ಪುಸ್ತಕವೇ ತೋರಿಸುತ್ತದೆ. ಬಂಕಿನಲ್ಲಿ ಪ್ರತಿದಿನ ಟ್ಯಾಂಕಿಗೆ ಡಿಪ್ ರಾಡ್ ಇಳಿಸಿ ದಾಸ್ತಾನನ್ನು ಅಳೆಯುವ, ಇಲ್ಲವೇ ಯಂತ್ರದಿಂದ ಅಳತೆ ಪಡೆಯುವ ರೂಢಿಯಿದೆ. ಪುಸ್ತಕದಲ್ಲಿರುವ ದಾಸ್ತಾನಿಗೂ ಟ್ಯಾಂಕಿನಲ್ಲಿರುವುದಕ್ಕೂ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ಸಹಜ. ಬಿಸಿಲಿಗೆ ಒಂದಿಷ್ಟು ಆವಿಯಾಗುತ್ತದೆ. ಆದರೆ ಕೊರತೆ ದಿನವೂ ಒಂದೇ ಕಡೆಗೆ ವಾಲುತ್ತ, ತಿಂಗಳುಗಟ್ಟಲೆ ಮುಂದುವರಿದರೆ? ದಿನಕ್ಕೆ ಹತ್ತು ಲೀಟರ್ ಎಂದರೆ ವರ್ಷಕ್ಕೆ 3,650 ಲೀಟರ್. ಅದನ್ನು ಆವಿಯ ನಷ್ಟವೆಂದು ಬರೆದು ಪುಟ ತಿರುಗಿಸುವುದು ಸುಲಭ. ಟ್ಯಾಂಕನ್ನು ಪರೀಕ್ಷೆಗೆ ಒಳಪಡಿಸಿದರೆ ವ್ಯಾಪಾರ ಕೆಲವು ದಿನ ನಿಲ್ಲುತ್ತದೆ, ಸೋರಿಕೆ ಹೊರಬಿದ್ದರೆ ಹೆಸರು ಕೆಡುತ್ತದೆ, ನೆರೆಯವರು ಬಾವಿಯ ನೀರಿನ ಲೆಕ್ಕ ಕೇಳುತ್ತಾರೆ. ಆ ಸಾಲನ್ನು ಬರೆಯುವ ಕ್ಷಣದವರೆಗೆ ಆದದ್ದು ಪ್ರಮಾದ. ಸಂಶಯ ಬಂದ ಮೇಲೂ ಬೇಕೆಂದೇ ಅದನ್ನು ಆವಿಯೆಂದು ಬರೆದ ಕ್ಷಣದಿಂದ ಅದರಲ್ಲಿ ಸಂಕಲ್ಪ ಸೇರಿತು. ಉದ್ಯೋಗೀ ಹಿಂಸೆಯೆಂಬ ಆಶ್ರಯ ಅಲ್ಲಿಗೆ ಮುಗಿಯಿತು. ಅಹಿಂಸೆಯ ಪ್ರಶ್ನೆ ಅಲ್ಲಿ ಸತ್ಯದ ಪ್ರಶ್ನೆಯೂ ಆಗುತ್ತದೆ.

ಪರಿಹಾರದ ಕ್ರಮವನ್ನು ಸಂವರ ಮತ್ತು ನಿರ್ಜರೆಗಳ ತತ್ತ್ವವೇ ಸೂಚಿಸುತ್ತದೆ. ಕೆರೆಯನ್ನು ಬರಿದುಮಾಡಬೇಕಾದವನು ಮೊದಲು ನೀರು ಬರುವ ತೂಬುಗಳನ್ನು ಮುಚ್ಚುತ್ತಾನೆ, ಅನಂತರ ಒಳಗಿರುವುದನ್ನು ಎತ್ತಿಹಾಕುತ್ತಾನೆ. ತೂಬು ತೆರೆದಿರುವಾಗ ಎತ್ತುವ ಶ್ರಮ ವ್ಯರ್ಥ. ಅಂತೆಯೇ ಮೊದಲು ಸೋರಿಕೆ ನಿಲ್ಲಬೇಕು. ಎರಡನೆಯದಾಗಿ, ತೇಲುತ್ತಿರುವ ಇಂಧನದಲ್ಲಿ ಎಷ್ಟನ್ನು ಮನುಷ್ಯ ಪ್ರಯತ್ನದಿಂದ ತೆಗೆಯಬಹುದೋ ಅಷ್ಟನ್ನು ಚೆಲ್ಲಿದವನು ತನ್ನ ಖರ್ಚಿನಲ್ಲಿಯೇ ತೆಗೆಸಬೇಕು. ವಿಷ ಅತಿ ದಟ್ಟವಾಗಿರುವ ತಾಣಕ್ಕೆ ಮರವನ್ನು ಮುಂದೆ ಕಳುಹಿಸಿ ತಾನು ಹಿಂದೆ ನಿಲ್ಲುವುದು ನ್ಯಾಯವಲ್ಲ. ಅಲ್ಲಿ ಮರ ಸಾಯುತ್ತದೆಂದು ಈಗ ತಿಳಿದಿದೆ. ತಿಳಿದೂ ನೆಟ್ಟರೆ ಅದು ಪ್ರಯೋಗವಲ್ಲ. ಮೂರನೆಯದಾಗಿ, ಉಳಿದ ಅಲ್ಪಾಂಶಕ್ಕೆ ಮಾತ್ರ, ಆ ನೆಲಕ್ಕೆ ತಾಳುವ ಜಾತಿಯ ಮರಗಳ ನೆರವನ್ನು ಕೋರಬೇಕು. ಕೊನೆಯದಾಗಿ, ಕೆಲಸ ಮುಗಿದ ಮೇಲೆ ಆ ಮರಗಳನ್ನು ಉಪಯೋಗ ತೀರಿದ ಸಾಮಾನಿನಂತೆ ಕಾಣದೆ ಬಾಳಲು ಬಿಡಬೇಕು. ಇಂಧನದ ಅಂಶಗಳು ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳಂತೆ ಗಿಡದೊಳಗೆ ಶೇಖರವಾಗಿ ಉಳಿಯದೆ ಬಹುಮಟ್ಟಿಗೆ ಒಡೆದುಹೋಗುವುದರಿಂದ, ಕಡಿದು ತೆಗೆಯಲೇಬೇಕೆಂಬ ಕಾರಣವೂ ಸಾಮಾನ್ಯವಾಗಿ ಇರುವುದಿಲ್ಲ.

ಈ ವಿಚಾರವು ದೂರದ ದೇಶದ್ದೆಂದು ಭಾವಿಸಿ ಸುಮ್ಮನಿರುವಂತಿಲ್ಲ. ನೆಲದಡಿಯಲ್ಲಿ ಟ್ಯಾಂಕು ಹೂತ ಬಂಕುಗಳು ಕರ್ನಾಟಕದ ತಾಲ್ಲೂಕು ತಾಲ್ಲೂಕುಗಳಲ್ಲಿಯೂ ಇವೆ. ಆದರೆ ಎಲಿಜಬೆತ್ ಸಿಟಿಯ ಉಪಾಯವನ್ನು ಇಲ್ಲಿಗೆ ಹಾಗೆಯೇ ತರಲು ಬಾರದು. ಅಲ್ಲಿಯದು ಕರಾವಳಿಯ ಸಮತಟ್ಟು ನೆಲ. ನೀರು ಕೆಲವೇ ಅಡಿಗಳ ಆಳದಲ್ಲಿ ಸಿಗುತ್ತದೆ, ಬೇರು ಅದನ್ನು ಮುಟ್ಟುತ್ತದೆ. ಕರ್ನಾಟಕದ ಒಳನಾಡಿನ ಬಹುಭಾಗ ಗಟ್ಟಿಶಿಲೆಯದು. ಇಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಅಡಗಿದೆ. ಕೊಳವೆಬಾವಿಗಳು ನೂರಾರು ಅಡಿ ಇಳಿದಿವೆ, ಕೋಲಾರದಂತಹ ಕಡೆ ಸಾವಿರ ಅಡಿಯನ್ನೂ ಮೀರಿವೆ. ಬಿರುಕಿನೊಳಗೆ ಇಳಿದ ಬೆಂಜೀನ್ ಎತ್ತ ಹರಿಯುತ್ತದೆಂದು ಊಹಿಸುವುದು ಕಷ್ಟ, ಅಷ್ಟು ಆಳಕ್ಕೆ ಯಾವ ಪಾಪ್ಲರಿನ ಬೇರೂ ಹೋಗಲಾರದು. ಇನ್ನು ಮೂಡಬಿದಿರೆ, ಕಾರ್ಕಳಗಳ ಕಡೆಯ ಮುರಕಲ್ಲಿನ ನೆಲದಲ್ಲಿ ತೆರೆದ ಬಾವಿಯ ನೀರು ಮೇಲೆಯೇ ಇದೆ. ಆದರೆ ಆ ಕಲ್ಲು ರಂಧ್ರಮಯವಾದುದರಿಂದ ಮೇಲೆ ಚೆಲ್ಲಿದ್ದು ಮಳೆಗಾಲದಲ್ಲಿ ಬಾವಿಯನ್ನು ಬೇಗನೆ ಸೇರಬಲ್ಲದು. ಮರ ಬೆಳೆದು ಕೆಲಸಕ್ಕೆ ತೊಡಗಲು ವರ್ಷಗಳೇ ಬೇಕು; ಬಾವಿಯಿಂದ ನೀರು ಸೇದುವುದು ನಾಳೆಯೇ. ಆದ್ದರಿಂದ ನಮ್ಮ ನಾಡಿನಲ್ಲಿ ನಿರ್ಜರೆಯ ಭರವಸೆ ಕಡಿಮೆ, ಸಂವರದ ಅಗತ್ಯ ಹೆಚ್ಚು.

ಬಸದಿಗಳ ಟ್ರಸ್ಟುಗಳೂ ಇದನ್ನು ಗಮನಿಸುವುದು ಉಚಿತ. ರಸ್ತೆಬದಿಯ ಜಮೀನನ್ನು ಬಂಕಿಗೆ ಗೇಣಿ ಕೊಟ್ಟರೆ ನಿಯತವಾದ ಆದಾಯ ಬರುತ್ತದೆ. ಆ ಹಣ ಪೂಜೆಗೂ ಜೀರ್ಣೋದ್ಧಾರಕ್ಕೂ ಒದಗುತ್ತದೆ. ಕರಾರಿನಲ್ಲಿ ಬಾಡಿಗೆಯ ಮೊತ್ತವನ್ನು ಎಷ್ಟು ಎಚ್ಚರದಿಂದ ಬರೆಯಲಾಗುತ್ತದೆಯೋ ಅಷ್ಟೇ ಎಚ್ಚರದಿಂದ ಟ್ಯಾಂಕಿನ ಕಾಲಕಾಲದ ಪರೀಕ್ಷೆ, ದಾಸ್ತಾನಿನ ವ್ಯತ್ಯಾಸವನ್ನು ತೋರಿಸುವ ಪುಸ್ತಕ, ಪಕ್ಕದ ಬಾವಿಯ ನೀರಿನ ತಪಾಸಣೆ, ಸೋರಿದರೆ ಶುದ್ಧೀಕರಣದ ಹೊಣೆ ಇವುಗಳನ್ನೂ ಬರೆಯಬೇಕು. ಬರೆದರೆ ಸಾಲದು, ವರ್ಷಕ್ಕೊಮ್ಮೆಯಾದರೂ ಕೇಳಿ ನೋಡಬೇಕು. ಅಭಿಷೇಕದ ನೀರನ್ನು ಸೋಸಿ ತರುವ ಸಂಸ್ಥೆಯ ಜಮೀನಿನಿಂದಲೇ ನೆರೆಯವನ ಬಾವಿಗೆ ವಿಷ ಇಳಿಯುವಂತಾದರೆ ಆ ಸೋಸುವಿಕೆಗೆ ಏನು ಬೆಲೆ?

ಎಲಿಜಬೆತ್ ಸಿಟಿಯ ಮರಗಳು ಮಾಡಿದ ಉಪಕಾರ ದೊಡ್ಡದು. ಉಪಕಾರ ಪಡೆದವನ ಲಕ್ಷಣ ಕೃತಜ್ಞತೆ. ಕೃತಜ್ಞತೆಯ ಗುರುತು ಮತ್ತೆ ಅದೇ ಉಪಕಾರವನ್ನು ಬೇಡುವ ಸ್ಥಿತಿಯನ್ನು ತಂದುಕೊಳ್ಳದಿರುವುದು. ನೀರು ಸೋಸಿದ ಬಟ್ಟೆಯನ್ನು ಬಾವಿಯ ಮೇಲೆ ಹಿಡಿದು ತೊಳೆಯುತ್ತಿದ್ದ ಹಿರಿಯರು ತಮಗೆ ಕಾಣದ ಜೀವಗಳ ಲೆಕ್ಕವನ್ನೂ ಇಟ್ಟಿದ್ದರು. ಬೆಳಿಗ್ಗೆ ಟ್ಯಾಂಕಿನಿಂದ ಮೇಲೆತ್ತಿದ ಡಿಪ್ ರಾಡಿನ ಗೆರೆ ಕಣ್ಣಿಗೆ ಕಾಣುವಂಥದು. ಅದು ತೋರಿಸಿದ್ದನ್ನು ತೋರಿಸಿದ ಹಾಗೆಯೇ ಬರೆಯುವುದು ಇಂದಿನ ಶ್ರಾವಕನಿಗೆ ಸಾಧ್ಯವಾಗಬೇಕು.